ರೇಷ್ಮೆಗೆ ಕಲೆಯಾಗದ ಮದ್ದು

ಹೋದ ತಿಂಗಳು ರಾಂಪುರದಲ್ಲಿ ಒಂದು ಆರೋಗ್ಯ ಶಿಬಿರವಿತ್ತು. ಬಿಪಿ ನೋಡುವುದು, ಸಕ್ಕರೆ ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇಷ್ಟೇ ನನ್ನ ಕೆಲಸ. ಶಾಲೆಯ ಜಗಲಿಯ ಮೇಲೆ ಮೇಜು ಹಾಕಿಕೊಂಡು ಕೂತಿದ್ದೆ. ಸಾಲಿನಲ್ಲಿ ಬಂದ ಒಬ್ಬ ಹೆಂಗಸು ಸೆರಗಿನಲ್ಲಿ ಮುಚ್ಚಿಟ್ಟಿದ್ದ ಅಂಗೈಯನ್ನು ಬಿಚ್ಚಿ ತೋರಿಸಿದಳು. ಕುಡುಗೋಲು ತಾಗಿದ ಗಾಯ. ಅದರ ಮೇಲೆ ಬಿಳಿ ಪುಡಿಯೊಂದು ಹಿಟ್ಟು ಮೆತ್ತಿದ ಹಾಗೆ ಒಣಗಿತ್ತು. ಬಗ್ಗಿ ನೋಡಿದೆ. ಕ್ಯಾಪ್ಸೂಲ್ ಬಿಚ್ಚಿದಾಗ ಬರುವ ಆ ಕಹಿ ಕಮಟು ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳಿಗೆ ಆ ವಾಸನೆಯ ಗುರುತು ಸಿಗದೆ ಇರುತ್ತದೆಯೇ.

"ಯಾರು ಹೇಳಿದ್ರಮ್ಮ ಹಿಂಗೆ ಹಾಕೋಕೆ?" ಎಂದು ಕೇಳಿದೆ.

"ನಮ್ಮ ನಾದಿನೀನ ಮೊಳಕಾಲ್ಮುರಿಗೆ ಕೊಟ್ಟೈತೆ, ಆಕೆ ಹೇಳಿಕೊಟ್ಲು. ಅಲ್ಲಿ ಸೀರೆ ನೇಯೋರೆಲ್ಲಾ ಹಿಂಗೇ ಮಾಡ್ತಾರಂತೆ. ಯಾರೋ ಒಬ್ಬ ನರ್ಸಮ್ಮ ಕಲಿಸಿದ್ದಂತೆ."

ಆ ನರ್ಸಮ್ಮ ನಾನೇ. ಆಕೆಗೆ ಅದನ್ನು ಹೇಳಲಿಲ್ಲ. ಗಾಯ ತೊಳೆದು, ಪಟ್ಟಿ ಕಟ್ಟಿ, ಇನ್ನೊಮ್ಮೆ ಹೀಗೆ ಮಾಡಬೇಡ ಎಂದು ನಾಲ್ಕು ಮಾತು ಬೈದು ಕಳಿಸಿದೆ. ಆಮೇಲೆ ಸಂಜೆಯವರೆಗೂ ಬಿಪಿ ಪಟ್ಟಿ ಸುತ್ತುತ್ತಾ ಕೂತಿದ್ದರೂ ಮನಸ್ಸೆಲ್ಲಾ ಒಂದೇ ವರ್ಷದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಣ್ಣ ಬೆರಳು ಕಳೆದುಕೊಂಡ ವರ್ಷ.

ನನ್ನ ತವರು ಮೊಳಕಾಲ್ಮುರು. ನಮ್ಮದು ರೇಷ್ಮೆ ಸೀರೆ ನೇಯುವ ಮನೆತನ. ಮನೆಯೊಳಗೆ ಆಡುವುದು ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಇಲ್ಲಿ ನಮ್ಮವರ ಮಾತನ್ನೆಲ್ಲ ಕನ್ನಡ ಮಾಡಿ ಬರೆದಿದ್ದೇನೆ, 'ಚೆಲ್ಲಿ', 'ವದಿನ' ಎಂಬ ಎರಡನ್ನು ಬಿಟ್ಟು. ಚೆಲ್ಲಿ ಅಂದರೆ ತಂಗಿ. ನನ್ನ ಅಣ್ಣ ನಾಗೇಂದ್ರ ನನ್ನನ್ನು ಹೆಸರು ಹಿಡಿದು ಕರೆದಿದ್ದು ನನಗೆ ನೆನಪಿಲ್ಲ. ನಾನು ನರ್ಸಿಂಗ್ ಓದುವಾಗ ಅಪ್ಪ ತೀರಿಕೊಂಡಿದ್ದರು. ಅಣ್ಣ ಬೆಳಿಗ್ಗೆ ಗುಂಡಿಮಗ್ಗಕ್ಕೆ ಕಾಲಿಳಿಸಿದರೆ ಮಧ್ಯಾಹ್ನದ ಊಟಕ್ಕೇ ಎದ್ದು ಬರುತ್ತಿದ್ದುದು. ಮೂರು ಲಾಳಿ ಇಟ್ಟುಕೊಂಡು ಒಡಲಿಗೆ ಒಂದು ಬಣ್ಣ, ಎರಡೂ ಅಂಚಿಗೆ ಇನ್ನೊಂದು ಬಣ್ಣ ಬರುವಂತೆ ನೇಯುತ್ತಿದ್ದ. ಒಡಲಿನ ಎಳೆಗೂ ಅಂಚಿನ ಎಳೆಗೂ ಕೊಂಡಿ ಬೀಳುವ ಜಾಗ ಸೀರೆಯ ಉದ್ದಕ್ಕೂ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಆ ಕೊಂಡಿಯನ್ನು ಅವನು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ, ಬಲಗೈಯ ತೋರುಬೆರಳಲ್ಲಿ ಸವರಿ ತಿಳಿಯುತ್ತಿದ್ದ.

ಜರಿ ಎಂದರೆ ನೋಡುವವರಿಗೆ ಬಂಗಾರ, ನೇಯುವವರಿಗೆ ಬ್ಲೇಡು. ಎಳೆ ಬಿಗಿಯುವಾಗ ಬೆರಳ ಸಂದಿಯಲ್ಲಿ ಸಣ್ಣಗೆ ಕೊಯ್ಯುತ್ತದೆ. ಬೇರೆಯವರಾದರೆ ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಾರೆ. ನೇಯುವವರು ಹಚ್ಚುವ ಹಾಗಿಲ್ಲ, ಮುಲಾಮಿನ ಜಿಡ್ಡು ರೇಷ್ಮೆಗೆ ತಾಗಿದರೆ ಆ ಕಲೆ ಜನ್ಮದಲ್ಲಿ ಹೋಗುವುದಿಲ್ಲ. ಬಟ್ಟೆ ಸುತ್ತಿಕೊಂಡರೆ ಬೆರಳಿಗೆ ಎಳೆ ತಿಳಿಯುವುದಿಲ್ಲ. ಹಸಿ ಗಾಯ ಹಾಗೇ ಬಿಟ್ಟರೆ ರಕ್ತ ಹತ್ತುತ್ತದೆ. ನಮ್ಮ ಓಣಿಯ ಜನ ಅರಿಶಿನವನ್ನೂ ಹತ್ತಿರ ಸೇರಿಸುತ್ತಿರಲಿಲ್ಲ, ಅದರದೂ ಕಲೆಯೇ.

ನಾನು ಚಳ್ಳಕೆರೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ ಹೊಸತು. ಒಂದು ಭಾನುವಾರ ತವರಿಗೆ ಹೋದಾಗ ಅಣ್ಣನ ಬೆರಳು ಸೀಳಿತ್ತು, ಮಗ್ಗದ ಮೇಲೆ ಗುಲಾಬಿ ಸೀರೆ ಅರ್ಧಕ್ಕೆ ನಿಂತಿತ್ತು. ನನ್ನ ಚೀಲದಲ್ಲಿ ಔಷಧ ಕಂಪನಿಯವರು ಬಿಟ್ಟುಹೋದ ಸ್ಯಾಂಪಲ್ ಕ್ಯಾಪ್ಸೂಲ್‌ಗಳಿದ್ದವು. ಒಂದನ್ನು ಬಿಚ್ಚಿ ಪುಡಿಯನ್ನು ಗಾಯಕ್ಕೆ ಉದುರಿಸಿದೆ. ನನಗೆ ಯಾರೂ ಕಲಿಸಿದ್ದಲ್ಲ, ನನ್ನದೇ ಬುದ್ಧಿವಂತಿಕೆ. ಎರಡು ದಿನಕ್ಕೆ ಗಾಯ ಸುಣ್ಣದ ಗೋಡೆಯಂತೆ ಒಣಗಿತು. ಸೀರೆಗೆ ಒಂದು ಚುಕ್ಕೆ ಕಲೆ ಇಲ್ಲ.

"ನಮ್ ಚೆಲ್ಲಿ ತಲೆ ನೋಡ್ರಲೇ," ಎಂದು ಅಣ್ಣ ಓಣಿಗೆಲ್ಲಾ ಬೆರಳು ತೋರಿಸಿಕೊಂಡು ಬಂದ.

ಅಲ್ಲಿಂದ ಶುರು. ತಿಂಗಳಿಗೊಮ್ಮೆ ನಾನು ಬಸ್ಸಿಳಿಯುವುದನ್ನೇ ಕಾಯುವ ಜನ. ಎದುರು ಮನೆಯ ಪದ್ಮಕ್ಕ ಎಲ್ಲರಿಗಿಂತ ಮುಂದೆ. ಸ್ಯಾಂಪಲ್ ಮಾತ್ರೆ, ಮನೆಗೆ ಹೋದ ರೋಗಿಗಳು ಬಿಟ್ಟುಹೋದ ಅರ್ಧ ಪಟ್ಟಿ ಮಾತ್ರೆ, ಎಲ್ಲ ಒಟ್ಟುಮಾಡಿ ಒಯ್ಯುತ್ತಿದ್ದೆ. ಕದ್ದಿದ್ದಲ್ಲ. ಕದ್ದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಗಾಯಕ್ಕೆ ಪುಡಿ, ಜ್ವರಕ್ಕೆ ಎರಡು, ಕೆಮ್ಮಿಗೆ ಎರಡು. ಕಡಿಮೆಯಾದ ಕೂಡಲೇ ನಿಲ್ಲಿಸಿ ಉಳಿದದ್ದನ್ನು ಮುಂದಿನ ಸಲಕ್ಕೆಂದು ಮಗ್ಗದ ಪಕ್ಕದ ಗೂಡಿನಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಇಡುತ್ತಿದ್ದರು. "ಡಾಕ್ಟ್ರೂ ಬೇಡ, ಗೀಕ್ಟ್ರೂ ಬೇಡ, ನಮ್ಗೆ ನಮ್ ಸಿಸ್ಟ್ರಮ್ಮ ಅವ್ಳೆ" ಎಂದು ಪದ್ಮಕ್ಕ ಅನ್ನುವಾಗ ನನಗೆ ಎಷ್ಟು ಹಿತವಾಗುತ್ತಿತ್ತು ಎಂದು ಈಗ ಬರೆಯಲು ಸಂಕೋಚವಾಗುತ್ತದೆ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಆ ವರ್ಷ ಬಂತು. ಕೊರೋನಾ ಮುಗಿದು ಜನ ಮಾಸ್ಕು ಬಿಸಾಕಿ ಒಂದೆರಡು ವರ್ಷವಾಗಿತ್ತು. ದಿಲ್ಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ಮೂವತ್ತು ಹಾಸಿಗೆಯ ನಮ್ಮ ಆಸ್ಪತ್ರೆಗೂ ಒಂದು ಸುತ್ತೋಲೆ ಇಳಿಯಿತು. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ದೇಶದ ಆಸ್ಪತ್ರೆಗಳಲ್ಲಿ ಹರಡುತ್ತಿದೆ, ಎಲ್ಲರೂ ಸೇರಿ ತಡೆಯಬೇಕು ಎಂಬುದು ಅದರ ಸಾರ. ಪ್ರತಿ ಆಸ್ಪತ್ರೆಯಲ್ಲೂ ಸೋಂಕು ತಡೆಯುವ ಜವಾಬ್ದಾರಿಗೆ ಒಬ್ಬ ನರ್ಸ್ ಇರಬೇಕು. ಯಾವ ರೋಗಿಗೆ ಯಾವ ಆಂಟಿಬಯೋಟಿಕ್, ಯಾಕೆ, ಎಷ್ಟು ದಿನ ಎಂದು ಬರೆದಿಡಬೇಕು. ಕೀವು, ಮೂತ್ರ, ರಕ್ತವನ್ನು ಕಲ್ಚರ್‌ಗೆ ಕಳಿಸಿ, ಕ್ರಿಮಿ ಯಾವುದಕ್ಕೆ ಸಾಯುತ್ತದೆ ಎಂದು ನೋಡಿಕೊಂಡೇ ದೊಡ್ಡ ಔಷಧಕ್ಕೆ ಕೈ ಹಾಕಬೇಕು. ಆ ವಿವರವೆಲ್ಲ ಒಂದು ಫಾರಂನಲ್ಲಿ ತುಂಬಿ ಮೇಲಕ್ಕೆ ಕಳಿಸಬೇಕು. ನಮ್ಮ ಡಾಕ್ಟರು ಸುತ್ತೋಲೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಸಿಸ್ಟರ್, ಇದು ನಿಮ್ಮ ಕೆಲಸ," ಎಂದರು. ಹಿರಿಯಳು ನಾನೇ, ಬಾಯಿ ಜೋರಿದ್ದವಳೂ ನಾನೇ.

ಚಿತ್ರದುರ್ಗದಲ್ಲಿ ಮೂರು ದಿನದ ತರಬೇತಿ. ಎರಡನೆಯ ದಿನ ಪಾಠ ಮಾಡಿದ ಹುಡುಗಿ ನನ್ನ ಮಗಳ ವಯಸ್ಸಿನವಳು. ಅರ್ಧಂಬರ್ಧ ಔಷಧ ಕೊಟ್ಟರೆ ಬಡಪಾಯಿ ಕ್ರಿಮಿ ಸಾಯುತ್ತವೆ, ಗಟ್ಟಿ ಕ್ರಿಮಿ ಉಳಿದು ಮರಿ ಹಾಕುತ್ತವೆ, ಕೊನೆಗೆ ಊರಿಗೆ ಊರೇ ಗಟ್ಟಿ ಕ್ರಿಮಿಗಳಾಗುತ್ತವೆ ಎಂದು ಚೆನ್ನಾಗಿ ಬಿಡಿಸಿ ಹೇಳಿದಳು. ಜನ ಮಾಡುವ ತಪ್ಪುಗಳ ಪಟ್ಟಿ ಕೊಡುತ್ತಾ, "ಕೆಲವರಂತೂ ಕ್ಯಾಪ್ಸೂಲ್ ಬಿಚ್ಚಿ ಪುಡೀನ ಗಾಯಕ್ಕೆ ಉದುರಿಸ್ತಾರೆ, ಗೊತ್ತಾ?" ಎಂದಳು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಪಕ್ಕದವರಿಗೆ ಕೇಳುವಷ್ಟು ಜೋರಾಗಿ ನಕ್ಕೆ.

ಮುಂದಿನ ಭಾನುವಾರವೇ ಹೋಗಿ ಓಣಿಯವರಿಗೆಲ್ಲ ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ. ಹೋದೆ ಕೂಡ. ಬಸ್ಸಿಳಿದ ಕೂಡಲೇ ಪದ್ಮಕ್ಕ, "ಮಾತ್ರೆ ತಂದ್ಯೇನವ್ವಾ?" ಅಂದಳು. ಇಪ್ಪತ್ತು ವರ್ಷ ನಿಮಗೆ ತಪ್ಪು ಕಲಿಸಿದೆ ಎಂದು ಆ ನಗುವ ಮುಖದ ಮುಂದೆ ಹೇಳಲು ನಾಲಿಗೆ ಹೊರಳಲಿಲ್ಲ. "ಈ ಸಲ ಮರ್ತೆ ಪದ್ಮಕ್ಕ" ಎಂದೆ. ಮುಂದಿನ ಸಲ "ಸ್ಯಾಂಪಲ್ ಕೊಡೋದು ನಿಲ್ಸವ್ರೆ" ಎಂದೆ. ತರುವುದನ್ನು ನಿಲ್ಲಿಸಿದೆ, ಯಾಕೆಂದು ಹೇಳಲಿಲ್ಲ. ಅವರು ನಿಲ್ಲಿಸಬೇಕಲ್ಲ? ಖಾಲಿ ಪಟ್ಟಿಯನ್ನು ಅಂಗಡಿಗೆ ಹಿಡಿದುಕೊಂಡು ಹೋಗಿ, ಅಂಥದ್ದೇ ಕೊಡಿ ಎಂದು ತಾವೇ ತಂದುಕೊಳ್ಳತೊಡಗಿದರು. ನನಗೆ ಅದೂ ಗೊತ್ತಿತ್ತು.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಕಂಡವರಿಗೇ ಗೊತ್ತು. ಮಳೆ ಮೋಡವೆಲ್ಲ ತಲೆಯ ಮೇಲೆ ಹಾದು ಎಲ್ಲಿಗೋ ಹೋಗುತ್ತದೆ, ನಮಗೆ ಉಳಿಯುವುದು ಧೂಳು. ಆಸ್ಪತ್ರೆಯ ಕಿಟಕಿಯಲ್ಲಿ ಕೆಂಪು ಮಣ್ಣು ಬೆರಳಷ್ಟು ಕೂರುತ್ತಿತ್ತು, ದಿನಕ್ಕೆ ಮೂರು ಸಲ ಒರೆಸಿಸುತ್ತಿದ್ದೆ. ಪ್ರತಿ ಮಂಚದ ಕಾಲಿಗೂ ಕೈ ಒರೆಸುವ ದ್ರಾವಣದ ಬಾಟಲಿ ಕಟ್ಟಿಸಿದೆ. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮುಂಚೆ ಕೈ ತೊಳೆಯದಿದ್ದರೆ ಡಾಕ್ಟರಿಗೂ ರಿಯಾಯಿತಿ ಇಲ್ಲ. ಪಕ್ಕದ ಹಳ್ಳಿ ನನ್ನಿವಾಳದಿಂದ ಬರುವ ಆಯಾ ತಿಮ್ಮಕ್ಕ, "ಕೈ ತೊಳ್ದು ತೊಳ್ದು ನನ್ ಹಣೆಬರ ಹೇಳೋ ಗೆರೆನೇ ಅಳ್ಸಿ ಹೋತು ಸಿಸ್ಟ್ರೆ, ಇನ್ ನಾನ್ ಶಾಸ್ತ್ರ ಕೇಳೋದೆಂಗೆ" ಎಂದು ರೇಗಿಸುತ್ತಿದ್ದಳು. ಔಷಧ ಅಂಗಡಿಗಳಿಗೆ ಹೋಗಿ, ಪಟ್ಟಿಯ ಮೇಲೆ ಕೆಂಪು ಗೆರೆ ಇರುವ ಮಾತ್ರೆಯನ್ನು ಚೀಟಿ ಇಲ್ಲದೆ ಕೊಟ್ಟರೆ ನೋಡಿ ಮತ್ತೆ ಎಂದು ಗದರಿಸಿ ಬಂದೆ. ಚಳ್ಳಕೆರೆಯ ಅಂಗಡಿಗಳಿಗೆ. ಮೊಳಕಾಲ್ಮುರಿನ ಅಂಗಡಿಗಳಿಗೆ ಹೋಗಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ.

ಆಷಾಢ ಮುಗಿಯಲು ಹತ್ತು ದಿನವಿತ್ತು. ಹೊರರೋಗಿಗಳ ಸಾಲಿನಲ್ಲಿ ನನ್ನ ವದಿನ ಕಂಡಳು. ವದಿನ ಅಂದರೆ ಅತ್ತಿಗೆ. ಅವಳ ಪಕ್ಕದಲ್ಲಿ ಅಣ್ಣ ಬಲಗೈಯನ್ನು ಟವಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದ. ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದರು. ಫೋನ್ ಮಾಡಿರಲಿಲ್ಲ.

ಟವಲು ಬಿಚ್ಚಿದೆ. ತೋರುಬೆರಳು, ನಡುಬೆರಳು ಎರಡೂ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಊತ ಮುಂಗೈ ದಾಟಿತ್ತು. ಗಾಯದ ಬಾಯಿ ಮಾತ್ರ ಬಿಳಿ ಪುಡಿಯಿಂದ ನೀಟಾಗಿ ಮುಚ್ಚಿಕೊಂಡಿತ್ತು, ಒಳಗಿನ ಕೀವಿಗೆ ಹೊರಬರಲು ದಾರಿ ಇರಲಿಲ್ಲ.

"ಎಷ್ಟು ದಿನ ಆಯ್ತಣ್ಣ?"

"ಎಂಟು ದಿನ. ವರಮಾಲಕ್ಷ್ಮಿ ಹಬ್ಬಕ್ಕೆ ಕೊಡೋ ಸೀರೆ ಚೆಲ್ಲಿ, ಇನ್ನೊಂದು ಮೊಳ ಐತೆ ಅಷ್ಟೆ. ನಿನ್ ಪುಡಿ ಹಾಕ್ತಾನೇ ಇದೀನಿ. ಈ ಸಲ ಯಾಕೋ ಕೇಳ್ತಾ ಇಲ್ಲ."

ಅಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು, ನಾಲ್ಕು ವರ್ಷದಿಂದ ಮಾತ್ರೆ ನುಂಗುತ್ತಿದ್ದ. ಡಾಕ್ಟರು ಕೂಡಲೇ ಕೊಯ್ದು ಕೀವು ತೆಗೆದು, ಒಂದಿಷ್ಟನ್ನು ಕಲ್ಚರ್‌ಗೆ ಕಳಿಸಿ, ಇಂಥದ್ದಕ್ಕೆ ಮಾಮೂಲಿಯಾಗಿ ಕೊಡುವ ಇಂಜೆಕ್ಷನ್ ಶುರು ಮಾಡಿದರು. ಮೊದಲ ದಿನ ಜ್ವರ ಇಳಿಯಲಿಲ್ಲ. ಎರಡನೆಯ ದಿನವೂ ಇಳಿಯಲಿಲ್ಲ. ಇಂಜೆಕ್ಷನ್ ಬದಲಾಯಿಸಿದರು. ಕಪ್ಪು ಬಣ್ಣ ಬೆರಳ ಬುಡಕ್ಕೆ ಇಳಿಯುತ್ತಾ ಬಂತು. ನಾನು ಪೆನ್ನಿನಿಂದ ಅದರ ಅಂಚಿಗೆ ಗೆರೆ ಎಳೆಯುತ್ತಿದ್ದೆ, ನಾಲ್ಕು ಗಂಟೆ ಬಿಟ್ಟು ನೋಡಿದರೆ ಕಪ್ಪು ಗೆರೆಯನ್ನು ದಾಟಿರುತ್ತಿತ್ತು.

ನಾಲ್ಕನೆಯ ದಿನ ವರದಿ ಬಂತು. ಅದರಲ್ಲಿ ಔಷಧಗಳ ಹೆಸರು ಒಂದರ ಕೆಳಗೆ ಒಂದು, ಪ್ರತಿಯೊಂದರ ಮುಂದೆ ಒಂದು ಅಕ್ಷರ. ಆರ್ ಅಂದರೆ ಕ್ರಿಮಿ ಆ ಔಷಧಕ್ಕೆ ಬಗ್ಗುವುದಿಲ್ಲ ಎಂದು. ಮೇಲಿನಿಂದ ಬೆರಳಿಟ್ಟು ಓದುತ್ತಾ ಬಂದೆ. ಆರ್, ಆರ್, ಆರ್. ಕೊನೆಯ ಎರಡು ಹೆಸರಿನ ಮುಂದೆ ಮಾತ್ರ ಬೇರೆ ಅಕ್ಷರವಿತ್ತು. ನಾನು ಇಪ್ಪತ್ತು ವರ್ಷ ಚೀಲದಲ್ಲಿ ಹೊತ್ತ ಕ್ಯಾಪ್ಸೂಲಿನ ಹೆಸರು ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು. ಅದರ ಮುಂದಿನದು ಮೊದಲ ಆರ್.

ಡಾಕ್ಟರು ವರದಿಯನ್ನು ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ಹೇಳಿದರು, "ಇದು ನಮ್ಮ ವಾರ್ಡಿನಲ್ಲಿ ಹತ್ತಿದ್ದಲ್ಲ ಸಿಸ್ಟರ್, ಬಂದ ಗಂಟೆಯೊಳಗೇ ತೆಗೆದ ಕೀವು. ನಾವು ಇಲ್ಲಿ ಕೈ ತೊಳೀತಾ ಕೂತಿದೀವಿ, ಅದು ಮನೆಗಳಿಂದ ನಡ್ಕೊಂಡು ಬರ್ತಿದೆ." ಉಳಿದ ಎರಡು ಔಷಧಗಳಲ್ಲಿ ಒಂದನ್ನು ತರಿಸಿದರು, ಮೂತ್ರಪಿಂಡಕ್ಕೆ ಭಾರವಾದ ಔಷಧ ಅದು. ಬೆರಳು ಉಳಿಸಲು ಹೋದರೆ ಕೈ ಹೋಗುತ್ತದೆ, ಕೈ ಉಳಿಸಲು ಹೋದರೆ ಜೀವವೇ ಹೋಗಬಹುದು ಎಂದೂ ಹೇಳಿದರು.

ಎದ್ದು ಹೋಗುವ ಮುಂಚೆ, "ಆ ಫಾರಂ ತುಂಬಿ ಕಳಿಸಿ. ಇಂಥ ಕೇಸು ಮೇಲಿನವರಿಗೆ ಗೊತ್ತಾಗ್ಬೇಕು," ಎಂದರು.

ಫಾರಂ ತುಂಬುವವಳು ನಾನೇ ಅಲ್ಲವೇ. ಹೆಸರು, ವಯಸ್ಸು, ಊರು ಬರೆದೆ. ಉದ್ಯೋಗ, ಕೈಮಗ್ಗ ನೇಕಾರ. ಸಕ್ಕರೆ ಕಾಯಿಲೆ, ಇದೆ. ಅದರ ಕೆಳಗೆ ಒಂದು ಅಂಕಣ: ಈ ಹಿಂದೆ ತೆಗೆದುಕೊಂಡ ಆಂಟಿಬಯೋಟಿಕ್ ಯಾವುದು, ಹೇಗೆ, ಯಾರ ಸಲಹೆಯ ಮೇಲೆ. ಇಡೀ ಜಿಲ್ಲೆಯಲ್ಲಿ ಆ ಅಂಕಣಕ್ಕೆ ಪೂರ್ತಿ ಉತ್ತರ ಗೊತ್ತಿದ್ದ ನರ್ಸ್ ನಾನೊಬ್ಬಳೇ ಇದ್ದೆನೇನೋ. ಪೆನ್ನು ಹಿಡಿದು ಕೂತೆ. ಬರೆದರೆ ಡಾಕ್ಟರು ಓದುತ್ತಾರೆ, ಜಿಲ್ಲೆಯವರು ಓದುತ್ತಾರೆ, ನನ್ನ ಜೊತೆ ಕೂತು ನಕ್ಕವರು ಓದುತ್ತಾರೆ. 'ಗೊತ್ತಿಲ್ಲ' ಎಂದು ಬರೆದೆ. ಸಹಿ ಹಾಕಿ, ಲಕೋಟೆ ಅಂಟಿಸಿ ಕಳಿಸಿದೆ.

ಮಾರನೆಯ ದಿನ ತೋರುಬೆರಳನ್ನೂ ನಡುಬೆರಳನ್ನೂ ಬುಡದಿಂದ ತೆಗೆದರು. ನಾನು ಆಪರೇಷನ್ ಕೋಣೆಗೆ ಹೋಗಲಿಲ್ಲ, ಹೊರಗೆ ವದಿನಳ ಜೊತೆ ಕೂತಿದ್ದೆ. ಅವಳು ಅಳಲೂ ಇಲ್ಲ, ನನ್ನ ಕೈ ಹಿಡಿದುಕೊಂಡು, "ನೀನಿದೀಯಲ್ಲ, ಧೈರ್ಯ ಐತೆ," ಎಂದಳು. ಅಷ್ಟು ಹೊತ್ತೂ ಅದನ್ನೇ ಅನ್ನುತ್ತಿದ್ದಳು.

ಅಣ್ಣ ಉಳಿದ. ಆರನೆಯ ದಿನ ಜ್ವರ ಬಿಟ್ಟಿತು. ಬೆಳಿಗ್ಗೆ ಪಟ್ಟಿ ಬದಲಾಯಿಸುವಾಗ ಕೈಯನ್ನು ಒಮ್ಮೆ ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡು ಕೇಳಿದ, "ಚೆಲ್ಲಿ, ಇಷ್ಟು ವರ್ಷ ನೀನು ಕೊಟ್ಟಿದ್ದಕ್ಕೆ ವಾಸಿ ಆಗ್ತಿತ್ತಲ್ಲ. ಈ ಸಲ ಯಾಕೆ ಆಗ್ಲಿಲ್ಲ?"

ವಾರ್ಡಿನಲ್ಲಿ ಬೇರೆ ಯಾರೂ ಎಚ್ಚರವಿರಲಿಲ್ಲ. ಡಾಕ್ಟರು ಇನ್ನೂ ಬಂದಿರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ.

"ಸಕ್ಕರೆ ಅಣ್ಣ," ಎಂದೆ. "ಸಕ್ಕರೆ ಇರೋರಿಗೆ ಗಾಯ ಮಾಯಲ್ಲ. ಬಾಯಿ ಕಟ್ಟು ಅಂತ ಎಷ್ಟು ಸಲ ಹೇಳಿದ್ದೆ."

ಅದು ಪೂರಾ ಸುಳ್ಳಲ್ಲ. ಸಕ್ಕರೆಯೂ ಒಂದು ಕಾರಣ ಎಂದು ಡಾಕ್ಟರೇ ಹೇಳಿದ್ದರು. ಆದರೆ ಅರ್ಧ ನಿಜವನ್ನು ಇಡೀ ನಿಜ ಮಾಡಿ ನಾನು ನನ್ನ ಅಣ್ಣನ ಕೊರಳಿಗೆ ಕಟ್ಟಿದೆ. ಅವನು ತಲೆ ಬಗ್ಗಿಸಿದ. ಪಕ್ಕದಲ್ಲಿ ಎದ್ದು ಕೂತ ವದಿನ ಶುರು ಹಚ್ಚಿಕೊಂಡಳು. ಬೆಲ್ಲದ ಟೀ ಬೇಕು, ಹೋಳಿಗೆ ಬೇಕು, ಹಬ್ಬದ ಮನೆಗೆ ಹೋದರೆ ಎರಡು ಸಲ ಪಾಯಸ ಬೇಕು, ಈಗ ಉಣ್ಣು ಎಂದು. ಜೀವಮಾನದಲ್ಲಿ ಯಾರ ಮಾತನ್ನೂ ಕೇಳಿಸಿಕೊಳ್ಳದವನು ಅಷ್ಟನ್ನೂ ಕೇಳಿಸಿಕೊಂಡ. ನಾನು ಪಟ್ಟಿ ಸುತ್ತಿ, ಗಂಟು ಹಾಕಿ, ಕೈ ತೊಳೆದುಕೊಂಡೆ.

ಶ್ರಾವಣದಲ್ಲಿ ಮನೆಗೆ ಹೋದ. ಮಗ್ಗದ ಮೇಲೆ ಉಳಿದಿದ್ದ ಒಂದು ಮೊಳವನ್ನು ಹಿಂದಿನ ಬೀದಿಯವನೊಬ್ಬ ನೇಯ್ದು ಮುಗಿಸಿದ. ಆ ಒಂದು ಮೊಳದಲ್ಲಿ ಕೊಂಡಿಯ ಗೆರೆ ಸ್ವಲ್ಪ ಒರಟಾಗಿತ್ತಂತೆ, ಬೇರೆಯವರಿಗೆ ಕಾಣುವಂಥದ್ದಲ್ಲ. ಅಣ್ಣ ಎಡಗೈಯಲ್ಲಿ ಸವರಿ ನೋಡಿ ಸೀರೆ ಮಡಚಿಟ್ಟನೆಂದು ವದಿನ ಫೋನಿನಲ್ಲಿ ಹೇಳಿದಳು. ಆಮೇಲೆ ಅವನು ಗುಂಡಿಗೆ ಕಾಲಿಳಿಸಲಿಲ್ಲ. ಎಡಗೈಯಲ್ಲಿ ರಾಟೆ ತಿರುಗಿಸಿ ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಡುವ ಕೆಲಸ ಹಿಡಿದ. ನಮ್ಮಲ್ಲಿ ಅದನ್ನು ಕಣ್ಣು ಮಂಜಾದ ಮುದುಕಿಯರು ಮಾಡುತ್ತಾರೆ.

ನವೆಂಬರಿನಲ್ಲಿ ಆಂಟಿಬಯೋಟಿಕ್ ಜಾಗೃತಿ ವಾರ. ಊರೂರಲ್ಲಿ ಸಭೆ ಮಾಡಿ ಎಂದು ಮೇಲಿನಿಂದ ಹೇಳಿದ್ದರು. ಜಿಲ್ಲೆಯಿಂದ ಬಂದ ತಂಡ, "ಮೊಳಕಾಲ್ಮುರು ನಿಮ್ಮ ತವರಂತಲ್ಲ ಸಿಸ್ಟರ್, ಅಲ್ಲೇ ಒಂದು ಮಾಡೋಣ," ಎಂದಿತು. ಸಮುದಾಯ ಭವನದಲ್ಲಿ ಶಾಮಿಯಾನ, ಮೈಕು, ಬ್ಯಾನರು. ಓಣಿಗೆ ಓಣಿಯೇ ಬಂದಿತ್ತು. ವೇದಿಕೆಯ ಮೇಲೆ ನನಗೊಂದು ಕುರ್ಚಿ. ಅಧಿಕಾರಿಯೊಬ್ಬರು ಅಣ್ಣನ ಕೈ ನೋಡಿ, "ನಿಮ್ಮ ಅನುಭವ ನೀವೇ ಹೇಳಿ, ಜನಕ್ಕೆ ಮುಟ್ಟುತ್ತೆ," ಎಂದು ಅವನನ್ನೂ ಮೇಲಕ್ಕೆ ಕರೆದರು.

ಅಣ್ಣ ಅಷ್ಟು ಜನರ ಮುಂದೆ ಹಿಂದೆಂದೂ ಮಾತಾಡಿದವನಲ್ಲ. ಎಡಗೈಯಲ್ಲಿ ಮೈಕು ಹಿಡಿದು ಬಲಗೈಯನ್ನು ಮೇಲೆತ್ತಿದ. "ನೋಡ್ರಪ್ಪ, ಇದು ನಾನೇ ಮಾಡ್ಕೊಂಡಿದ್ದು. ಸಕ್ಕರೆ ಕಾಯಿಲೆ ಇಟ್ಕೊಂಡು ಬಾಯಿ ಕಟ್ಲಿಲ್ಲ. ಔಷಧದ್ದೇನೂ ತಪ್ಪಿಲ್ಲ. ನಮ್ ಚೆಲ್ಲಿ ಇರ್ಲಿಲ್ಲ ಅಂದ್ರೆ ನಾನಿವತ್ತು ನಿಮ್ ಮುಂದೆ ನಿಂತಿರ್ತಿರ್ಲಿಲ್ಲ. ಆಕೆ ಹೇಳ್ದಂಗೆ ಕೇಳ್ರಿ." ಇಷ್ಟು ಹೇಳಿ ನನ್ನ ಕಡೆ ತಿರುಗಿ ಕೈಮುಗಿದ. ಎಂಟು ಬೆರಳಲ್ಲಿ ಮುಗಿದ.

ಚಪ್ಪಾಳೆ ಬಿತ್ತು. ಮೈಕು ನನ್ನ ಕೈಗೆ ಬಂತು. ನಾನು ಎದ್ದು ಕೈ ತೊಳೆಯುವ ಆರು ಹಂತಗಳನ್ನು ತೋರಿಸಿಕೊಟ್ಟೆ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು, ಮಣಿಕಟ್ಟು. ಡಾಕ್ಟರ ಚೀಟಿ ಇಲ್ಲದೆ ಮಾತ್ರೆ ತಗೋಬೇಡಿ ಎಂದು ಎಲ್ಲರೂ ಹೇಳುವ ಒಂದು ಸಾಲು ಹೇಳಿದೆ. ಪುಡಿಯ ಸುದ್ದಿ ಎತ್ತಲಿಲ್ಲ. ಇಳಿದು ಬರುವಾಗ ಪದ್ಮಕ್ಕ ಪಕ್ಕದವಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು, "ಸದ್ಯ, ನಮ್ಗೆ ಸುಗರ್ ಇಲ್ಲ ಬಿಡು. ನಾವು ಹಾಕ್ಕೊಂಡ್ರೆ ಏನೂ ಆಗಲ್ಲ." ನಿಂತು ತಿರುಗಿ ಹೇಳಬಹುದಿತ್ತು. ಜೀಪು ಹಾರ್ನ್ ಮಾಡಿತು, ಹೋಗಿ ಕೂತೆ.

ಇದಾಗಿ ಒಂದೆರಡು ವರ್ಷಗಳಾದವು. ನಮ್ಮ ಆಸ್ಪತ್ರೆಗೆ ಒಳ್ಳೆಯ ಹೆಸರು ಬಂದಿದೆ. ಈಗ ಯಾರೂ ನೆನಪಿಸದೆಯೇ ಹುಡುಗಿಯರು ಕೈ ತೊಳೆಯುತ್ತಾರೆ, ಫಾರಂಗಳೆಲ್ಲ ಕಂಪ್ಯೂಟರಿಗೆ ಹತ್ತಿವೆ. ಕೆಲಸ ವ್ಯರ್ಥವಾಯಿತು ಎಂದು ನಾನು ಹೇಳುವುದಿಲ್ಲ. ಮಾಡಿದ ಕೆಲಸದಲ್ಲಿ ಅರ್ಧಕ್ಕರ್ಧ ನನ್ನದೇ ಬೆವರು. ಹೇಳದೆ ಉಳಿಸಿಕೊಂಡದ್ದು ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ರಾಂಪುರದ ಆ ಅಂಗೈ ಕಣ್ಣಿಂದ ಹೋಗದೆ, ಹೋದ ಭಾನುವಾರ ಮೊಳಕಾಲ್ಮುರಿಗೆ ಹೋದೆ. ಅಣ್ಣ ಜಗಲಿಯಲ್ಲಿ ರಾಟೆಯ ಮುಂದೆ ಕೂತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಮೊದಲ ಕ್ಯಾಪ್ಸೂಲಿನಿಂದ ಹಿಡಿದು, ತರಬೇತಿಯಲ್ಲಿ ನಕ್ಕಿದ್ದು, ಗೊತ್ತಿದ್ದೂ ಬಾಯಿ ಬಿಡದಿದ್ದದ್ದು, ಫಾರಂನಲ್ಲಿ ಬರೆದದ್ದು, ಸಕ್ಕರೆ ಎಂದದ್ದು. ಅಳಬಾರದು ಅಂದುಕೊಂಡಿದ್ದೆ, ಅತ್ತುಬಿಟ್ಟೆ.

ಅಣ್ಣ ರಾಟೆ ನಿಲ್ಲಿಸಿದ. ಆಮೇಲೆ ಹೇಳಿದ, "ಬೆರಳಿನ ಮಾತು ಬಿಡು ಚೆಲ್ಲಿ. ನೀನು ಬೇಕಂತ ಮಾಡ್ದೋಳಲ್ಲ, ನಂಗೆ ಗೊತ್ತಾಗುತ್ತೆ. ಆದ್ರೆ ಆವತ್ತು ಅಷ್ಟು ಜನದ ಮುಂದೆ ನಾನು ಸುಳ್ಳು ಹೇಳ್ದೆ. ನೀನು ಪಕ್ಕದಾಗೇ ಕುಂತಿದ್ದೆ. ನನ್ ಕೈ ತೋರ್ಸಿ ನಾನೇ ಎಲ್ರಿಗೂ ಸುಳ್ಳು ಹೇಳ್ದಂಗಾತಲ್ಲ."

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಹೋಗು. ಒಂದೊಂದು ಮನೆಗೂ ಹೋಗಿ ಹೇಳ್ಬಿಟ್ಟು ಬಾ. ನಾನು ಬರಲ್ಲ," ಎಂದು ಮತ್ತೆ ರಾಟೆಗೆ ಕೈ ಹಾಕಿದ.

ಮೊದಲು ಪದ್ಮಕ್ಕನ ಮನೆಗೆ ಹೋದೆ. ನನ್ನನ್ನು ಕಂಡು ಅಕ್ಕಪಕ್ಕದ ನಾಲ್ಕಾರು ಹೆಂಗಸರೂ ಬಂದು ಕೂತರು. ಅಣ್ಣನಿಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವರಿಗೂ ಹೇಳಿದೆ. ತಪ್ಪು ಸಕ್ಕರೆಯದಲ್ಲ, ಪುಡಿಯದು, ಅದನ್ನು ಕಲಿಸಿದವಳು ನಾನು, ಗೊತ್ತಾದ ಮೇಲೂ ಮುಚ್ಚಿಟ್ಟವಳು ನಾನು, ಅಣ್ಣನದು ಏನೂ ಇಲ್ಲ ಎಂದೆ. ಬೈಯಲಿ, ಎದ್ದು ಹೋಗಲಿ, ಮುಖ ತಿರುಗಿಸಲಿ ಎಂದು ಗಟ್ಟಿ ಮಾಡಿಕೊಂಡೇ ಹೇಳಿದೆ.

ಪದ್ಮಕ್ಕನ ಕಣ್ಣಲ್ಲಿ ನೀರು. ನನ್ನ ಎರಡೂ ಕೈ ಹಿಡಿದುಕೊಂಡಳು. "ನಂಗೆ ಗೊತ್ತಿಲ್ವೇನವ್ವಾ? ಊರೆಲ್ಲ ನಿಮ್ಮಣ್ಣನ್ನ ಬಾಯಿಚಪಲದೋನು ಅಂತ ಆಡ್ಕೊಂತೈತೆ, ಅದನ್ನ ಕೇಳಕ್ಕಾಗ್ದೆ ತಪ್ಪೆಲ್ಲ ನಿನ್ ಮ್ಯಾಲೆ ಹಾಕ್ಕೊಂತಿದೀಯ."

"ಅಲ್ಲ ಪದ್ಮಕ್ಕ. ನಿಜ ಹೇಳ್ತಿದೀನಿ."

"ನಿಜಾನೇ ಬಿಡು," ಎಂದು ಸಮಾಧಾನ ಮಾಡಿ, ಮಿಕ್ಕವರ ಕಡೆ ತಿರುಗಿದಳು. "ನೋಡ್ರೇ, ಒಡಹುಟ್ಟಿದೋರು ಅಂದ್ರೆ ಹಿಂಗಿರ್ಬೇಕು." ಅವರೆಲ್ಲ ತಲೆಯಾಡಿಸಿದರು. ಒಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ, ಇನ್ನೂ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅವರ ಮುಖದಲ್ಲಿ ನನ್ನ ಮೇಲಿನ ಗೌರವ ಹೆಚ್ಚುತ್ತಾ ಹೋಯಿತು.

ಪದ್ಮಕ್ಕ ಒಳಗೆ ಮಗ್ಗದಲ್ಲಿ ಕೂತಿದ್ದ ಹೊಸ ಸೊಸೆಯನ್ನು ಕೂಗಿ ಕರೆದಳು. "ಬಾರಮ್ಮ, ಈ ಅಕ್ಕನ ಕಾಲಿಗೆ ಬೀಳು. ಇಂಥೋರು ಸಿಗಲ್ಲ ಈ ಕಾಲದಾಗೆ."

ಬೇಡ, ಬೇಡ ಎನ್ನುತ್ತಾ ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಆ ಹುಡುಗಿ ಬಗ್ಗಿಯಾಗಿತ್ತು.